ಏಳು ರೇಸ್ ಗೆದ್ದವರಿಗೂ ಫಾರ್ಮುಲಾ 1 ಲೈಸೆನ್ಸ್ ಸಿಗಲಿಲ್ಲ ಯಾಕೆ?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಹಲವು ವರ್ಷಗಳಿಂದ ರೇಸ್ ಅಧಿಕಾರಿ ಆಗಿರುವ ನಮ್ಮ ಗುಂಪಿನ ಸದಸ್ಯರು. ರೇಸಿಗೆ ಮುಂಚೆ ಡ್ರೈವರ್‌ಗಳ ಲೈಸೆನ್ಸ್, ಮೆಡಿಕಲ್ ಕಾಗದ ನೋಡಿ ಒಳಗೆ ಬಿಡುವುದು ಅವರ ಕೆಲಸ.

ಪ್ರಶ್ನೆ (ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಅಮೆರಿಕದ ಕೋಲ್ಟನ್ ಹರ್ಟಾ 2022ರ ಹೊತ್ತಿಗೆ ಅಲ್ಲಿನ ದೊಡ್ಡ ಕಾರ್ ರೇಸ್ ಸರಣಿ ಇಂಡಿಕಾರ್‌ನಲ್ಲಿ ಏಳು ರೇಸ್ ಗೆದ್ದಿದ್ದರು. ಫಾರ್ಮುಲಾ 1ರ ರೆಡ್ ಬುಲ್‌ನವರೇ ತಮ್ಮ ಇನ್ನೊಂದು ತಂಡ ಆಲ್ಫಾಟೌರಿಗೆ ಅವರನ್ನು ಕರೆದಿದ್ದರು. ಆದರೂ ವಿಶ್ವ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎ ಬಿಡಲಿಲ್ಲ. ಒಂದು ದೊಡ್ಡ ಸರಣಿಯಿಂದ ಇನ್ನೊಂದಕ್ಕೆ ಹೋಗಲು ಇಷ್ಟು ಕಷ್ಟ ಯಾಕೆ?

ಉತ್ತರ: ಫಾರ್ಮುಲಾ 1ರಲ್ಲಿ ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಹಿಂದಿನ ಮೂರು ಸೀಸನ್‌ಗಳಲ್ಲಿ ಒಟ್ಟು 40 ಅಂಕ ಗಳಿಸಿರಬೇಕು. ಯಾವ ಸರಣಿಯಲ್ಲಿ ಎಷ್ಟನೇ ಸ್ಥಾನಕ್ಕೆ ಎಷ್ಟು ಅಂಕ ಅಂತ ಎಫ್‌ಐಎ ಒಂದು ಪಟ್ಟಿ ಮಾಡಿದೆ. ಒಂದು ರೇಸ್ ಗೆದ್ದರೆ ಅಂಕ ಬರುವುದಿಲ್ಲ, ಸೀಸನ್ ಮುಗಿದಾಗ ನೀವು ಎಷ್ಟನೆಯವರು ಎನ್ನುವುದಷ್ಟೇ ಲೆಕ್ಕ. ಹರ್ಟಾ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದುಕೊಂಡದ್ದು ಇಲ್ಲೇ.

ಅವರ ಲೆಕ್ಕ ಹಾಕಿ ನೋಡಿ. 2019ರಲ್ಲಿ ಏಳನೇ ಸ್ಥಾನ, 4 ಅಂಕ. 2020ರಲ್ಲಿ ಮೂರನೇ ಸ್ಥಾನ, 20 ಅಂಕ. 2021ರಲ್ಲಿ ಐದನೇ ಸ್ಥಾನ, 8 ಅಂಕ. ಒಟ್ಟು 32. ಕೋವಿಡ್ ಕಾರಣಕ್ಕೆ ಆಗ ನಾಲ್ಕು ವರ್ಷದಲ್ಲಿ ಒಳ್ಳೆಯ ಮೂರನ್ನು ಆರಿಸಿಕೊಳ್ಳಲು ಬಿಟ್ಟಿದ್ದರು. ಆದರೂ 40 ಮುಟ್ಟಲಿಲ್ಲ. ಆ ಜಾಗಕ್ಕೆ ನಿಕ್ ಡಿ ವ್ರೀಸ್ ಬಂದರು.

ಈಗ ಅದೇ ಪಟ್ಟಿಯಲ್ಲಿ ಎಫ್2, ಅಂದರೆ ಫಾರ್ಮುಲಾ 1ರ ಕೆಳಗಿನ ಮೆಟ್ಟಿಲಾದ ಫಾರ್ಮುಲಾ 2 ನೋಡಿ. ಅಲ್ಲಿ ಮೊದಲ ಮೂವರಿಗೂ ತಲಾ 40. ಒಂದೇ ಸೀಸನ್‌ಗೆ ಕೆಲಸ ಮುಗಿಯಿತು. ಐದನೆಯವರಿಗೂ 20 ಅಂಕ. ಇಂಡಿಕಾರ್‌ನಲ್ಲಿ 40 ಸಿಗುವುದು ಚಾಂಪಿಯನ್‌ಗೆ ಮಾತ್ರ, ಎರಡನೆಯವರಿಗೆ 30. ಹರ್ಟಾ ಓಡಿಸಿದ್ದು ಯಾರ ಎದುರು ಗೊತ್ತಾ? ಆರು ಸಲ ಚಾಂಪಿಯನ್ ಆದ ಸ್ಕಾಟ್ ಡಿಕ್ಸನ್, ಜೊತೆಗೆ ವಿಲ್ ಪವರ್, ಜೋಸೆಫ್ ನ್ಯೂಗಾರ್ಡನ್, ಅಲೆಕ್ಸ್ ಪಲೋ. ಪಳಗಿದ ಇಂಥವರ ನಡುವೆ ಐದನೇ ಸ್ಥಾನ ಬಂದರೆ ಆಗ 8 ಅಂಕ, ಹುಡುಗರ ಸರಣಿಯಲ್ಲಿ ಐದನೇ ಸ್ಥಾನ ಬಂದರೆ 20 ಅಂಕ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಎಫ್2, ಎಫ್3 ಎರಡೂ ಎಫ್‌ಐಎಯ ಸ್ವಂತ ಏಣಿ, ಇಂಡಿಕಾರ್ ಹಾಗಲ್ಲ. ಪಟ್ಟಿ ಮಾಡುವವರು ತಮ್ಮ ಏಣಿಗೆ ಜಾಸ್ತಿ ಬೆಲೆ ಕೊಟ್ಟಿದ್ದಾರೆ.

ಆದರೆ ಅವತ್ತು ಎಫ್‌ಐಎ ರಿಯಾಯಿತಿ ಕೊಡದೇ ಇದ್ದದ್ದು ಸರಿ ಅಂತಲೇ ಹೇಳುತ್ತೇನೆ. ಪಟ್ಟಿ ತಪ್ಪಿದ್ದರೆ ಪಟ್ಟಿ ತಿದ್ದಬೇಕು. ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚಿದರೆ ಟ್ರ್ಯಾಕ್‌ನಲ್ಲಿ ಕಾಗದ ನೋಡುವ ನಮ್ಮಂಥವರ ಮಾತಿಗೆ ಯಾವ ಬೆಲೆ ಇರುತ್ತದೆ? ಈಗ ಪಟ್ಟಿಯನ್ನೇ ತಿದ್ದಿದ್ದಾರೆ. ಇಂಡಿಕಾರ್‌ನಲ್ಲಿ ಮೂರನೆಯವರಿಗೆ 20 ಇದ್ದದ್ದು 25 ಆಗಿದೆ, ನಾಲ್ಕನೆಯವರಿಗೆ 10 ಇದ್ದದ್ದು 20 ಆಗಿದೆ.

ಅದೇ ವಿದ್ಯಾರ್ಥಿ: ಹಾಗಾದ್ರೆ ಸರ್, 2024ರಲ್ಲಿ ಹರ್ಟಾ ಎರಡನೇ ಸ್ಥಾನ ಬಂದರಲ್ಲ? 30 ಅಂಕ ಸಿಕ್ಕಿತಲ್ಲ?

ಉತ್ತರ: ಸಿಕ್ಕಿತು. ಆದರೆ ಅಷ್ಟರಲ್ಲಿ 2020ರ 20 ಅಂಕ ಹಳೆಯದಾಗಿ ಬಿದ್ದುಹೋಗಿತ್ತು. ಈ ನಿಯಮದಲ್ಲಿ ನಿಜವಾಗಿ ಕಚ್ಚುವುದು 40 ಎನ್ನುವ ಸಂಖ್ಯೆಯಲ್ಲ, ಮೂರು ವರ್ಷದ ಗಡುವು. 2023ರಲ್ಲಿ ಹತ್ತನೇ ಸ್ಥಾನ, 1 ಅಂಕ. 2024ರಲ್ಲಿ 30. 2025ರಲ್ಲಿ ಏಳನೇ ಸ್ಥಾನ, 4 ಅಂಕ. ಒಟ್ಟು 35, ಮತ್ತೆ ಐದು ಅಂಕ ಕಮ್ಮಿ. ಹಾಗಾಗಿಯೇ 2025ರ ಸೆಪ್ಟೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ, ಅವರು ಫಾರ್ಮುಲಾ 1ರ ಕ್ಯಾಡಿಲ್ಯಾಕ್ ತಂಡದ ಟೆಸ್ಟ್ ಡ್ರೈವರ್ ಆಗಲು ಒಪ್ಪಿಕೊಂಡರು. 2026ಕ್ಕೆ ಇಂಡಿಕಾರ್ ಬಿಟ್ಟು ಹೈಟೆಕ್ ತಂಡದಲ್ಲಿ ಎಫ್2 ಓಡಿಸುವ ನಿರ್ಧಾರ ಮಾಡಿದರು. 18ನೇ ವಯಸ್ಸಿನಲ್ಲಿ ಇಂಡಿಕಾರ್ ರೇಸ್ ಗೆದ್ದು ಅಲ್ಲಿನ ಅತಿ ಕಿರಿಯ ವಿಜೇತ ಅನಿಸಿಕೊಂಡವರು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯುವುದು ಸುಮ್ನೆ ಮಾತಲ್ಲ. ಆ ಧೈರ್ಯಕ್ಕೆ ನನ್ನ ಗೌರವ ಇದೆ.

ಇನ್ನೊಂದು ಸಣ್ಣ ದಾರಿಯೂ ಇದೆ. ಫಾರ್ಮುಲಾ 1 ವಾರಾಂತ್ಯದ ಶುಕ್ರವಾರದ ಮೊದಲ ಅಭ್ಯಾಸದಲ್ಲಿ ಕನಿಷ್ಠ 100 ಕಿಲೋಮೀಟರ್ ಓಡಿಸಿ, ಯಾವ ದಂಡದ ಅಂಕವೂ ಬೀಳದಿದ್ದರೆ 1 ಅಂಕ ಸಿಗುತ್ತದೆ. ಮೂರು ವರ್ಷದಲ್ಲಿ ಹೀಗೆ ಹೆಚ್ಚೆಂದರೆ 10.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬರು): ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ (ಚಿಕ್ಕ ರೇಸ್) ಗೆದ್ದರು. ನಾವು ಇಡೀ ಮನೆ ಕೂಗಾಡಿದ್ವಿ. ಆ ಗೆಲುವಿಗೆ ಸೂಪರ್ ಲೈಸೆನ್ಸ್ ಅಂಕ ಇಲ್ಲವೇ?

ಉತ್ತರ: ನಾನೂ ಕೂಗಿದ್ದೆ. ಮೊನಾಕೊದ ಗೋಡೆಗಳ ನಡುವೆ ಒಬ್ಬ ಭಾರತೀಯ ಮೊದಲನೆಯವನಾಗಿ ಬರುವುದನ್ನು ನೋಡಿದ್ದು ನನಗೆ ಮರೆಯುವಂಥದ್ದಲ್ಲ. ಆದರೆ ಮೇಲೆ ಹೇಳಿದ ಹಾಗೆ ಒಂದು ಗೆಲುವಿಗೆ ಅಂಕ ಇಲ್ಲ. ಎಫ್2ನಲ್ಲಿ ಹತ್ತನೆಯವರಿಗೆ 3 ಅಂಕ, ಹನ್ನೊಂದನೆಯವರಿಗೆ ಸೊನ್ನೆ. ಕುಶ್ 2023ರಲ್ಲಿ ಹನ್ನೊಂದನೇ ಸ್ಥಾನದಲ್ಲಿ ಮುಗಿಸಿದರು, 2024ರಲ್ಲಿ ಹದಿಮೂರನೇ ಸ್ಥಾನದಲ್ಲಿ. ಎರಡು ವರ್ಷದ ದುಡಿಮೆಗೆ ಎಫ್2ನಿಂದ ಒಂದು ಅಂಕವೂ ಬರಲಿಲ್ಲ.

ನಾರಾಯಣ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಂಧೋಕ್ 2010ರಲ್ಲಿ ಫಾರ್ಮುಲಾ 1ಕ್ಕೆ ಹೋದಾಗ ಈ 40ರ ಲೆಕ್ಕ ಇರಲಿಲ್ಲ. ಅದು ಬಂದದ್ದು 2016ರಲ್ಲಿ.

ಪ್ರಶ್ನೆ (ದಾವಣಗೆರೆಯಿಂದ): 2016ರಲ್ಲೇ ಯಾಕೆ? ಮ್ಯಾಕ್ಸ್ ವೆರ್‌ಸ್ಟಾಪನ್ ಕಾರಣಕ್ಕಾ?

ಉತ್ತರ: ಹೌದು, ಅದೇ ದೊಡ್ಡ ಕಾರಣ. ಮ್ಯಾಕ್ಸ್ 2015ರ ಆಸ್ಟ್ರೇಲಿಯಾ ರೇಸ್‌ನಲ್ಲಿ ಇಳಿದಾಗ ಅವರಿಗೆ 17 ವರ್ಷ. ಅದಕ್ಕೆ ಮುಂಚೆ ಕಾರ್ ರೇಸಿಂಗ್‌ನಲ್ಲಿ ಕಳೆದದ್ದು ಒಂದೇ ಸೀಸನ್. ರಸ್ತೆಯಲ್ಲಿ ಕಾರು ಓಡಿಸುವ ಲೈಸೆನ್ಸ್ ಕೂಡ ಇರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. 18 ವರ್ಷ ಆಗಿರಬೇಕು, ರಸ್ತೆ ಲೈಸೆನ್ಸ್ ಇರಬೇಕು, ಸಿಂಗಲ್ ಸೀಟರ್ (ಒಬ್ಬರೇ ಕೂರುವ ರೇಸ್ ಕಾರು) ಸರಣಿಗಳಲ್ಲಿ ಎರಡು ಸೀಸನ್, ಒಂದೊಂದರಲ್ಲೂ ಕನಿಷ್ಠ 80 ಶೇಕಡ ಓಡಿಸಿರಬೇಕು, ನಿಯಮಗಳ ಬಗ್ಗೆ ಪರೀಕ್ಷೆ ಪಾಸಾಗಬೇಕು, ಫಾರ್ಮುಲಾ 1 ಕಾರಿನಲ್ಲಿ 300 ಕಿಲೋಮೀಟರ್ ಓಡಿಸಿ ತೋರಿಸಬೇಕು. 2024ರಲ್ಲಿ ವಯಸ್ಸಿನ ವಿಷಯ ಸ್ವಲ್ಪ ಸಡಿಲಿಸಿದರು. ತುಂಬಾ ಚೆನ್ನಾಗಿ ಓಡಿಸುವವರಿಗೆ 17ಕ್ಕೇ ಕೊಡಬಹುದು. 2025ರಲ್ಲಿ ಆರ್ವಿಡ್ ಲಿಂಡ್‌ಬ್ಲಾಡ್‌ಗೆ ಹಾಗೆ ಸಿಕ್ಕಿತು.

ಕಿಮಿ ರೈಕ್ಕೊನೆನ್ 2001ರಲ್ಲಿ ಬಂದಾಗ ಬರೀ 23 ಕಾರ್ ರೇಸ್ ಓಡಿಸಿದ್ದರು. ಇವತ್ತಿನ ನಿಯಮದಲ್ಲಿ ಅವರೂ ಹೊರಗೆ. ಮುಂದೆ ಇಬ್ಬರೂ ವಿಶ್ವ ಚಾಂಪಿಯನ್ ಆದರು. ಆದರೂ ನಿಯಮ ಬೇಡ ಅಂತ ನಾನು ಹೇಳುವುದಿಲ್ಲ. ಅನುಭವ ಇಲ್ಲದ ಡ್ರೈವರ್ ಒಬ್ಬ ಬ್ರೇಕ್ ಹಾಕಬೇಕಾದ ಕಡೆ ಹಾಕದೆ ಮುಂದಿನ ಕಾರಿನ ಮೇಲೆ ಹತ್ತಿದ್ದನ್ನು ನಾನು ಟ್ರ್ಯಾಕ್ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಪುಣ್ಯಕ್ಕೆ ಇಬ್ಬರೂ ನಡೆದುಕೊಂಡು ಹೊರಬಂದರು. ಅವತ್ತಿಂದ ಕಾಗದ ನೋಡುವಾಗ ನಾನು ಅವಸರ ಮಾಡುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಉಲ್ಟಾ ಹೋಗುವವರಿಗೆ? ಫಾರ್ಮುಲಾ 1 ಬಿಟ್ಟು ಅಮೆರಿಕಕ್ಕೆ ಹೋದರೆ ಅಲ್ಲಿಯೂ ಅಂಕ ಕೇಳುತ್ತಾರಾ ಸರ್?

ಉತ್ತರ: ಇಲ್ಲ. ಅಲ್ಲಿ ಓಡಿಸಿ ತೋರಿಸಬೇಕು, ಅಷ್ಟೇ. ಫರ್ನಾಂಡೊ ಅಲೊನ್ಸೊ 2017ರಲ್ಲಿ ಮೊನಾಕೊ ರೇಸ್ ಬಿಟ್ಟು ಇಂಡಿಕಾರ್‌ನ ಅತಿ ದೊಡ್ಡ ರೇಸ್ ಇಂಡಿಯಾನಾಪೊಲಿಸ್ 500ಕ್ಕೆ ಹೋದರು. ಎರಡು ಸಲ ವಿಶ್ವ ಚಾಂಪಿಯನ್ ಆದವರು. ಆದರೂ ಹೊಸಬರ ಪರೀಕ್ಷೆ ಕೊಡಲೇಬೇಕಾಯಿತು. ಮೊದಲು ಗಂಟೆಗೆ 205ರಿಂದ 210 ಮೈಲಿ ವೇಗದಲ್ಲಿ 10 ಸುತ್ತು. ಆಮೇಲೆ 210ರಿಂದ 215 ಮೈಲಿಯಲ್ಲಿ 15 ಸುತ್ತು. ಕೊನೆಗೆ 215ಕ್ಕಿಂತ ಜಾಸ್ತಿ, ಅಂದರೆ ಸುಮಾರು 346 ಕಿಲೋಮೀಟರ್ ದಾಟಿ, ಇನ್ನೂ 15 ಸುತ್ತು. ಜಾಸ್ತಿ ವೇಗ ಇದ್ದರೆ ಸಾಲದು, ಹೇಳಿದ ವೇಗದೊಳಗೇ ನಿಲ್ಲಿಸಿಕೊಳ್ಳಬೇಕು. ನನಗೆ ಈ ಪದ್ಧತಿ ತುಂಬಾ ಇಷ್ಟ. ಹೆಸರು ನೋಡುವುದಿಲ್ಲ, ಕೈ ನೋಡುತ್ತಾರೆ. ರೇಸ್‌ನಲ್ಲಿ ಅಲೊನ್ಸೊ 27 ಸುತ್ತು ಮುಂದಿದ್ದರು. 21 ಸುತ್ತು ಬಾಕಿ ಇರುವಾಗ ಇಂಜಿನ್ ಕೈಕೊಟ್ಟಿತು.

ಅಮೆರಿಕದ ಇನ್ನೊಂದು ಕಾರ್ ರೇಸ್ ಸರಣಿ ನ್ಯಾಸ್‌ಕಾರ್‌ನಲ್ಲಿಯೂ ಹೆಚ್ಚುಕಮ್ಮಿ ಹೀಗೇ, ಟ್ರ್ಯಾಕ್ ನೋಡಿ ಅನುಮತಿ ಕೊಡುತ್ತಾರೆ. ರೈಕ್ಕೊನೆನ್ 2022ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಓಡಿಸಿದ್ದು ಹಾಗೆ. ಅಲ್ಲಿಂದ ಫಾರ್ಮುಲಾ 1ಕ್ಕೆ ಬರುವುದು ಮಾತ್ರ ದೂರದ ಮಾತು. ನ್ಯಾಸ್‌ಕಾರ್ ಕಪ್ ಚಾಂಪಿಯನ್‌ಗೆ ಸಿಗುವುದು 15 ಅಂಕ. ಮೂರು ವರ್ಷ ಸತತವಾಗಿ ಗೆದ್ದರೆ ಮಾತ್ರ ಬರೀ ಗೆಲುವಿನಿಂದಲೇ 40 ದಾಟುತ್ತದೆ. ಹಾಗೆ ಗೆದ್ದವರು ಕೇಲ್ ಯಾರ್‌ಬರೊ ಮತ್ತು ಜಿಮ್ಮಿ ಜಾನ್ಸನ್, ಇಬ್ಬರೇ.

ಪ್ರಶ್ನೆ (ತುಮಕೂರಿನ ಒಬ್ಬ ತಾಯಿ): ನನ್ನ ಮಗನಿಗೆ 13 ವರ್ಷ, ಕಾರ್ಟಿಂಗ್ ಮಾಡ್ತಾನೆ. ಈ 40 ಅಂಕದ ಬಗ್ಗೆ ಈಗಲೇ ಯೋಚಿಸಬೇಕಾ ಸರ್?

ಉತ್ತರ: ಬೇಡ ಮೇಡಂ, ಅಂಕ ಈಗ ಬೇಡ. ಕಾರ್ಟಿಂಗ್ ಆದಮೇಲಿನ ಮೊದಲ ಮೆಟ್ಟಿಲು ಎಫ್4ಗೆ ಇಳಿಯಲು 15 ವರ್ಷ ಆಗಬೇಕು. ಈಗ ಗಳಿಸಿದ ಅಂಕ 18 ಆಗುವ ಹೊತ್ತಿಗೆ ಹಳೆಯದಾಗಿರುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ. ಎಫ್4 ಸರಣಿ ಆರಿಸುವಾಗ ಅದಕ್ಕೆ ಎಫ್‌ಐಎ ಮಾನ್ಯತೆ ಇದೆಯಾ ಅಂತ ಕೇಳಿ. ಮಾನ್ಯತೆ ಇದ್ದರೆ ಚಾಂಪಿಯನ್‌ಗೆ 12 ಅಂಕ, ಇಲ್ಲದಿದ್ದರೆ ಏನೂ ಇಲ್ಲ. ನಮ್ಮ ಭಾರತೀಯ ಎಫ್4ಗೆ ಮಾನ್ಯತೆ ಇದೆ. ಎಷ್ಟು ಕಾರು ಓಡಿದವು ಅನ್ನುವುದೂ ಮುಖ್ಯ. ಪ್ಯಾಟೊ ಓವಾರ್ಡ್ ಎನ್ನುವ ಡ್ರೈವರ್ 2018ರಲ್ಲಿ ಇಂಡಿಕಾರ್‌ನ ಕೆಳಗಿನ ಸರಣಿ ಇಂಡಿ ಲೈಟ್ಸ್‌ನಲ್ಲಿ ಚಾಂಪಿಯನ್ ಆದರು. ಆದರೆ ಆ ಸರಣಿಯಲ್ಲಿ ಡ್ರೈವರ್‌ಗಳು ಕಮ್ಮಿ ಇದ್ದ ಕಾರಣ ನೆಚ್ಚಿಕೊಂಡಿದ್ದ ಅಂಕ ಕೈಗೆ ಬರಲಿಲ್ಲ.

ಅದೇ ತಾಯಿ: ತುಂಬಾ ಉಪಕಾರ ಆಯ್ತು ಸರ್. ಅರ್ಜಿ ಯಾರ ಹತ್ತಿರ ಹಾಕೋದು?

ಉತ್ತರ: ಯಾವ ಲೈಸೆನ್ಸ್ ಆದರೂ ನಮ್ಮ ದೇಶದ ಸಂಸ್ಥೆ ಎಫ್‌ಎಂಎಸ್‌ಸಿಐ ಮೂಲಕವೇ ಮೇಡಂ. ಮಗನ ಕಾರ್ಟಿಂಗ್ ಲೈಸೆನ್ಸ್ ಕೂಡ ಅಲ್ಲಿಂದಲೇ. ಪ್ರತಿ ಸೀಸನ್‌ನ ಫಲಿತಾಂಶದ ಹಾಳೆ, ಮೆಡಿಕಲ್ ಕಾಗದ ಎಲ್ಲಾ ಒಂದು ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.