ಡೇಕೇರ್ ಎಫ್‌ಎಸ್‌ಎಯ 5,000 ಡಾಲರ್ ಪೂರ್ತಿ ಆದಾಯಕ್ಕೆ ಸೇರಿಬಿಟ್ಟಿದೆ, ಹೆಂಡತಿ ವಿದ್ಯಾರ್ಥಿನಿ

ಆಸ್ಟಿನ್ ಅಪ್ಪ
ಅಮೆರಿಕದ 2025ರ ತೆರಿಗೆ ರಿಟರ್ನ್ ತುಂಬುತ್ತಿದ್ದೇನೆ, ಎರಡು ರಾತ್ರಿಯಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ನನ್ನದು ಎಚ್-1ಬಿ ಉದ್ಯೋಗ ವೀಸಾ, ಹೆಂಡತಿಯದು ಸಂಗಾತಿಗೆ ಸಿಗುವ ಎಚ್-4, ಅವಳಿಗೆ ಕೆಲಸದ ಪರವಾನಗಿ ಇಲ್ಲ. ಮಗಳಿಗೆ ಮೂರು ವರ್ಷ. ಆಗಸ್ಟ್‌ನಲ್ಲಿ ಹೆಂಡತಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೇರಿದಳು. ಅಂದಿನಿಂದಲೇ ಮಗಳು ಡೇಕೇರ್‌ಗೆ ಹೋಗುತ್ತಿದ್ದಾಳೆ, ತಿಂಗಳಿಗೆ 1,400 ಡಾಲರ್. ಆಗಲೇ ಕಂಪನಿಯ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಗೂ (ಮಗುವಿನ ಆರೈಕೆಗೆಂದು ಸಂಬಳದಿಂದ ತೆರಿಗೆಗೆ ಮುಂಚೆಯೇ ಹಣ ತೆಗೆದಿಡುವ ಖಾತೆ) ಹೆಸರು ಕೊಟ್ಟು ಡಿಸೆಂಬರ್ ಒಳಗೆ 5,000 ಡಾಲರ್ ಕಡಿತ ಮಾಡಿಸಿಕೊಂಡೆ.

ಕಂಪನಿ ಕೊಡುವ ವರ್ಷದ ಸಂಬಳ ಪತ್ರ ಡಬ್ಲ್ಯೂ-2ರ 10ನೇ ಚೌಕದಲ್ಲಿರುವ ಆ 5,000ವನ್ನು ತೆರಿಗೆ ತಂತ್ರಾಂಶದಲ್ಲಿ ತುಂಬಿದ ಕೂಡಲೇ ನನಗೆ ಬರಬೇಕಾದ ಮರುಪಾವತಿ 1,100 ಡಾಲರ್ ಇಳಿಯಿತು. ರಿಟರ್ನ್‌ನ ಮುಖ್ಯ ಫಾರ್ಮ್ 1040ರಲ್ಲಿ ಆದಾಯಕ್ಕೆ ಸೇರುವ 1ಇ ಸಾಲಿನಲ್ಲಿ ಇಡೀ 5,000 ಬಂದು ಕೂತಿದೆ. ತೆರಿಗೆ ಉಳಿಸಲೆಂದು ಕಟ್ಟಿದ ಹಣಕ್ಕೇ ತೆರಿಗೆ! 10ನೇ ಚೌಕವನ್ನು ಖಾಲಿ ಬಿಟ್ಟರೆ ಎಲ್ಲ ಸರಿಯಾಗುತ್ತದೆ. ಹಾಗೆ ಬಿಡಬಹುದೇ?

ಹಳೆಯ ಲೆಕ್ಕಿಗ
ಬಿಡಬೇಡಿ. ನಿಮ್ಮ ಡಬ್ಲ್ಯೂ-2ರ ಪ್ರತಿ ತೆರಿಗೆ ಇಲಾಖೆ ಐಆರ್‌ಎಸ್ ಬಳಿಯೂ ಇರುತ್ತದೆ.

ತಂತ್ರಾಂಶ ತಪ್ಪು ಮಾಡಿಲ್ಲ, ನೀವು ಅದಕ್ಕೆ ಒಂದು ಮಾತು ಹೇಳಿಲ್ಲ ಅಷ್ಟೆ. ಎಫ್‌ಎಸ್‌ಎಗೂ, ಕಟ್ಟಬೇಕಾದ ತೆರಿಗೆಯನ್ನೇ ಇಳಿಸುವ ಆರೈಕೆ ವೆಚ್ಚದ ಕ್ರೆಡಿಟ್‌ಗೂ ಒಂದೇ ಕಟ್ಟಳೆ: ಗಂಡ ಹೆಂಡಿರಲ್ಲಿ ಯಾರ ದುಡಿಮೆ ಕಡಿಮೆಯೋ ಅದೇ ಮಿತಿ. ಜೋಡೆತ್ತಿನ ಗಾಡಿ ಬಡ ಎತ್ತಿನ ವೇಗದಲ್ಲೇ ಹೋಗಬೇಕು. ನಿಮ್ಮ ಮನೆಯಾಕೆಯ ಸಂಬಳ ಸೊನ್ನೆ, ಹಾಗಾಗಿ ತೆರಿಗೆಮುಕ್ತ ಭಾಗವೂ ಸೊನ್ನೆ.

ಆದರೆ ಪೂರ್ಣಾವಧಿ ವಿದ್ಯಾರ್ಥಿಗೆ ಕಾನೂನೇ ಒಂದು ಕಲ್ಪಿತ ಸಂಬಳ ಕೊಡುತ್ತದೆ: ಒಂದು ಮಗುವಿದ್ದರೆ ತಿಂಗಳಿಗೆ 250 ಡಾಲರ್, ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ 500. ವರ್ಷದ ಐದು ತಿಂಗಳಲ್ಲಾದರೂ ಪೂರ್ಣಾವಧಿ ಓದಿರಬೇಕು. ತಿಂಗಳ ಒಂದು ಭಾಗ ಓದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ, ಐದು ತಿಂಗಳು ಒಂದರ ಹಿಂದೆ ಒಂದು ಬರಬೇಕೆಂದೂ ಇಲ್ಲ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಸರಿಯಾಗಿ ಐದು. ಸೆಪ್ಟೆಂಬರ್‌ನಲ್ಲಿ ಸೇರಿದ್ದರೆ ಕಥೆ ಮುಗಿಯುತ್ತಿತ್ತು.

ಆರೈಕೆ ವೆಚ್ಚದ ಫಾರ್ಮ್ 2441ರ ಮೇಲ್ಭಾಗದ ಬಿ ಚೌಕಕ್ಕೆ ಗುರುತು ಹಾಕಿ, ಅಥವಾ ತಂತ್ರಾಂಶ 'ಸಂಗಾತಿ ವಿದ್ಯಾರ್ಥಿಯೇ' ಎಂದು ಕೇಳುವ ಕಡೆ ಐದು ತಿಂಗಳು ಎನ್ನಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ: ತರಗತಿಗಳು ಕ್ಯಾಂಪಸ್‌ನಲ್ಲಿ ನಡೆಯುತ್ತವೆಯೇ? ಅಂತರ್ಜಾಲದಲ್ಲಿ ಮಾತ್ರ ಪಾಠ ಮಾಡುವ ಸಂಸ್ಥೆ ಈ ಲೆಕ್ಕಕ್ಕೆ ಶಾಲೆಯೇ ಅಲ್ಲ.

ಆಸ್ಟಿನ್ ಅಪ್ಪ
ಒಂದು ವಿಷಯ ಆನ್‌ಲೈನ್, ಉಳಿದವು ಕ್ಯಾಂಪಸ್‌ನಲ್ಲಿ.

ಗುರುತು ಹಾಕಿದೆ. 1ಇ ಸಾಲು 5,000ದಿಂದ 3,750ಕ್ಕೆ ಇಳಿಯಿತು, 150 ಡಾಲರ್ ಕ್ರೆಡಿಟ್ ಕೂಡ ಬಂತು. ನನ್ನದು ಶೇ. 22ರ ತೆರಿಗೆ ಹಂತ, ಒಟ್ಟು 425 ಡಾಲರ್ ಮರಳಿದಂತಾಯಿತು. ಇಷ್ಟೇ ಏನು?

ಹಳೆಯ ಲೆಕ್ಕಿಗ
150 ಹೇಗೆ ಬಂತು? 250 ಬರಬೇಕು. ಡೇಕೇರ್ ಖರ್ಚು ಎಷ್ಟೆಂದು ತುಂಬಿದ್ದೀರಿ?

ಆಸ್ಟಿನ್ ಅಪ್ಪ
2,000. ಒಟ್ಟು 7,000ದಲ್ಲಿ ಎಫ್‌ಎಸ್‌ಎ ಕೊಟ್ಟ 5,000 ಕಳೆದು ಬರೆದೆ.

ಹಳೆಯ ಲೆಕ್ಕಿಗ
ಅಲ್ಲೇ ಎಡವಿದ್ದೀರಿ. ಕಳೆಯುವ ಕೆಲಸ ತಂತ್ರಾಂಶದ್ದು, ನೀವು ಪೂರ್ತಿ 7,000 ಬರೆಯಿರಿ. ಕಳೆಯಬೇಕಾದದ್ದೂ 5,000 ಅಲ್ಲ, ತೆರಿಗೆಮುಕ್ತವಾಗಿ ಉಳಿದ 1,250 ಮಾತ್ರ. ಉಳಿದ 3,750ಕ್ಕೆ ನೀವು ತೆರಿಗೆ ಕಟ್ಟುತ್ತಿದ್ದೀರಿ, ಅಂದರೆ ಅದು ನಿಮ್ಮದೇ ಕಿಸೆಯ ಹಣ. ಕ್ರೆಡಿಟ್‌ಗೆ ಒಂದು ಮಗುವಿನ ಖರ್ಚಿನ ಮಿತಿ 3,000. ಅದರಲ್ಲಿ 1,250 ಕಳೆದರೆ 1,750. ಅದೂ ಹೆಂಡತಿಯ ಕಲ್ಪಿತ ಸಂಬಳ 1,250ನ್ನು ಮೀರುವಂತಿಲ್ಲ. 43,000 ಡಾಲರಿಗಿಂತ ಹೆಚ್ಚು ಆದಾಯವಿದ್ದವರಿಗೆ 2025ರಲ್ಲಿ ದರ ಶೇ. 20, ಹಾಗಾಗಿ 250 ಡಾಲರ್.

ಎಡಿಸನ್ ಅಮ್ಮ
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಮಗುವನ್ನು ನೋಡಿಕೊಳ್ಳುವುದು ಒಬ್ಬ ಆಂಟಿ, ಅವರ ಮನೆಯಲ್ಲೇ. ಅನ್ನ ಸಾರು ಕಲಸಿ ಪ್ರೀತಿಯಿಂದ ತಿನ್ನಿಸುತ್ತಾರೆ, ಆದರೆ ತೆರಿಗೆ ಸಂಖ್ಯೆ ಕೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಕ್ರೆಡಿಟ್ ಕೈಬಿಡಬೇಕೇ? ಮಗು ಮೈಸೂರಿನಲ್ಲಿ ಹುಟ್ಟಿದ್ದು, ಇಲ್ಲಿಗೆ ಬಂದು ಎರಡು ವರ್ಷವಾಯಿತು, ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ) ಮಾತ್ರ ಇದೆ. ಭಾನುವಾರದ ಕನ್ನಡ ತರಗತಿಯ ಶುಲ್ಕ, ಬೇಸಿಗೆಯ ಭರತನಾಟ್ಯ ಶಿಬಿರದ ಶುಲ್ಕ ಸೇರಿಸಬಹುದೇ?

ಹಳೆಯ ಲೆಕ್ಕಿಗ
ಕೈಬಿಡಬೇಡಿ. ನೋಡಿಕೊಳ್ಳುವವರ ತೆರಿಗೆ ಸಂಖ್ಯೆ ಕೇಳಲೆಂದೇ ಡಬ್ಲ್ಯೂ-10 ಎಂಬ ಪುಟ್ಟ ಫಾರ್ಮ್ ಇದೆ, ಅದನ್ನು ಆಂಟಿಯ ಕೈಗೆ ಕೊಡಿ. ಆಗಲೂ ಕೊಡದಿದ್ದರೆ ನಿಮಗೆ ಗೊತ್ತಿರುವ ಹೆಸರು, ವಿಳಾಸ ಬರೆದು, ಸಂಖ್ಯೆ ಕೇಳಿದೆವು, ಕೊಡಲಿಲ್ಲ ಎಂಬ ಹೇಳಿಕೆ ಲಗತ್ತಿಸಿ. ಕೇಳಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ, ಮೊಬೈಲ್ ಸಂದೇಶವಾದರೂ ಸರಿ. ಹಣವನ್ನು ಚೆಕ್‌ನಲ್ಲಿ ಕೊಡಿ. ಮುಂದಿನ ವರ್ಷವೂ ಇದೇ ಆಂಟಿ ಬೇಕೆಂದರೆ ಈ ವಿಷಯವನ್ನು ಮೆಲ್ಲಗೆ ಎತ್ತಿ, ನಾನು ಹೇಳಬೇಕಾಗಿಲ್ಲ.

ಐಟಿಐಎನ್ ಸಾಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕಾಗುವುದು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ಗೆ, ಅದು ಬೇರೆಯದೇ. ಇವೆರಡನ್ನೂ ಒಂದೆಂದು ತಿಳಿದು ಬಹಳ ಮಂದಿ ಸುಮ್ಮನೆ ಬಿಟ್ಟುಬಿಡುತ್ತಾರೆ.

ನೀವಿಬ್ಬರೂ ಕೆಲಸದಲ್ಲಿರುವಾಗ ಮಗು ಹಗಲಿಡೀ ಶಿಬಿರದಲ್ಲಿದ್ದರೆ ಅದು ಸಲ್ಲುತ್ತದೆ, ಅಲ್ಲಿ ಭರತನಾಟ್ಯ ಕಲಿಸಲಿ, ಫುಟ್‌ಬಾಲ್ ಕಲಿಸಲಿ. ರಾತ್ರಿ ತಂಗುವ ಶಿಬಿರ ಸಲ್ಲದು. ಭಾನುವಾರದ ಕನ್ನಡ ತರಗತಿ ಪಾಠಕ್ಕೆ ಕೊಟ್ಟ ಹಣ, ಆರೈಕೆಗೆ ಕೊಟ್ಟದ್ದಲ್ಲ. ಅದು ಸೇರುವುದಿಲ್ಲ, ಹಾಗೆಂದು ತರಗತಿ ಬಿಡಿಸಬೇಡಿ. ಇನ್ನು, ನೀವು ಕೇಳದಿದ್ದರೂ ಯಾರಾದರೂ ಕೇಳಿಯೇ ಕೇಳುತ್ತಾರೆ: ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಗೆ ಸಂಬಳ ಕೊಟ್ಟೆವೆಂದು ತೋರಿಸುವ ಯೋಚನೆ ಬೇಡ. ಆ ವೀಸಾದಲ್ಲಿ ಅವರು ಕೆಲಸ ಮಾಡುವಂತಿಲ್ಲ.

ಆಸ್ಟಿನ್ ಅಪ್ಪ
7,000 ತುಂಬಿದೆ, ಕ್ರೆಡಿಟ್ 250 ಆಯಿತು. ಮೊದಲು ಕೈಬಿಟ್ಟಿದ್ದ 1,100ರಲ್ಲಿ 525 ಮರಳಿತು. ಧನ್ಯವಾದ.

ಆದರೆ ಈಗ ಎದೆ ಹೊಡೆದುಕೊಳ್ಳುತ್ತಿದೆ. 2026ಕ್ಕೆ ಎಫ್‌ಎಸ್‌ಎ ಮಿತಿ 7,500ಕ್ಕೆ ಏರಿತಲ್ಲ, ಕಂಪನಿಯ ಪಟ್ಟಿಯಲ್ಲಿ ನೋಡಿದವನೇ ಪೂರ್ತಿ 7,500 ಆರಿಸಿಬಿಟ್ಟಿದ್ದೇನೆ.

ಹಳೆಯ ಲೆಕ್ಕಿಗ
ಅಯ್ಯೋ. ಜೂನ್, ಜುಲೈನಲ್ಲಿ ಮನೆಯಾಕೆ ಓದದಿದ್ದರೆ ಹತ್ತು ತಿಂಗಳು, 2,500 ಡಾಲರ್. ಬೇಸಿಗೆಯಲ್ಲೂ ಪೂರ್ಣಾವಧಿ ಓದಿದರೆ 3,000. ಅದಕ್ಕಿಂತ ಮೇಲೆ ಕಟ್ಟಿದ್ದೆಲ್ಲ ಮತ್ತೆ 1ಇ ಸಾಲಿಗೇ ಬರುತ್ತದೆ. ವರ್ಷದ ನಡುವೆ ಸುಮ್ಮನೆ ಬದಲಾಯಿಸಲು ಬಿಡುವುದಿಲ್ಲ. ಮಗುವನ್ನು ಬೇರೆ ಡೇಕೇರ್‌ಗೆ ಸೇರಿಸಿದರೆ ಸಾಮಾನ್ಯವಾಗಿ ಬಿಡುತ್ತಾರೆ, ಕಂಪನಿಯ ಎಚ್‌ಆರ್ ವಿಭಾಗವನ್ನು ನಾಳೆಯೇ ಕೇಳಿ.

ಆಸ್ಟಿನ್ ಅಪ್ಪ
ಹೆಂಡತಿಯ ಕ್ಯಾಂಪಸ್‌ನ ಶಿಶುಕೇಂದ್ರ ಇದಕ್ಕಿಂತ ಅಗ್ಗ. ಅಲ್ಲಿನ ಕಾಯುವ ಪಟ್ಟಿಯಲ್ಲಿ ನಮ್ಮ ಮಗಳು 14ನೆಯವಳು. ದಿನಾ ಬೆಳಿಗ್ಗೆ ಆ ಪಟ್ಟಿಯನ್ನೇ ನೋಡುತ್ತಿದ್ದೇನೆ.