ಸಹಾಯ ಬೇಕು: 1918ರಿಂದ 1933ರವರೆಗಿನ ಜರ್ಮನಿ ಕುರಿತ ಸಿನಿಮಾಗಳು

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧ ಮುಗಿದ ಮೇಲೆ ಹಿಟ್ಲರ್ ಬರುವ ತನಕ ಜರ್ಮನಿಯಲ್ಲಿ ನಡೆದ ದಂಗೆ, ನಿರುದ್ಯೋಗ, ಬೀದಿ ಕಾಳಗಗಳ ಬಗ್ಗೆ ಜರ್ಮನ್ ಭಾಷೆಯ ಸಿನಿಮಾ ಹುಡುಕ್ತಾ ಇದ್ದೀನಿ. ಹಿಟ್ಲರ್ ಕಾಲದ್ದು ಬೇಕಾದಷ್ಟು ಸಿಗುತ್ತೆ, ಅದು ಬೇಡ.

ಎಡಪಂಥೀಯ ಕ್ರಾಂತಿಕಾರಿ ರೋಸಾ ಬಗ್ಗೆ ಮಾರ್ಗರೆಟ್ ಫಾನ್ ಟ್ರೋಟಾ ನಿರ್ದೇಶಿಸಿದ ‘ರೋಸಾ ಲಕ್ಸಂಬರ್ಗ್’ (1986) ನೋಡಿದೆ. ಬಾರ್ಬರಾ ಸುಕೋವಾ ನಟನೆ ಸೊಗಸು, ಆದರೆ 1919ರ ಬರ್ಲಿನ್ ದಂಗೆ ಕೊನೆಯಲ್ಲಿ ಬೇಗ ಮುಗಿದುಹೋಯ್ತು ಅನ್ನಿಸಿತು. ಆಮೇಲೆ ‘ಕೂಲೆ ವಾಂಪೆ’ (1932), ಚಿತ್ರಕಥೆಯಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಕೈಯಿದೆ. ಅದರಲ್ಲಿ ಕೆಲಸ ಸಿಗದ ಹುಡುಗ ಕಿಟಕಿಯಿಂದ ಹಾರೋ ಮುಂಚೆ ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಡ್ತಾನೆ. ಗಡಿಯಾರಕ್ಕಾದರೂ ಬೆಲೆ ಇದೆಯಲ್ಲ!

ಈಗ ಮುಖ್ಯವಾಗಿ ಬೇಕಿರೋದು 1918ರ ನವೆಂಬರಿನಲ್ಲಿ ಕೀಲ್ ಬಂದರಿನಲ್ಲಿ ನಡೆದ ನಾವಿಕರ ದಂಗೆ, ಮತ್ತೆ ಬ್ರೆಡ್ಡಿಗೆ ಕೋಟಿ ಕೋಟಿ ಮಾರ್ಕ್ ಕೊಡ್ತಿದ್ದ 1923ರ ಹಣದುಬ್ಬರ. ಸೀರೀಸ್ ಆದರೂ ಪರವಾಗಿಲ್ಲ (‘ಬ್ಯಾಬಿಲಾನ್ ಬರ್ಲಿನ್’ ಗೊತ್ತು, ಅದರ ಕಥೆ ಶುರುವಾಗೋದೇ 1929ರಲ್ಲಿ). ಇಂಗ್ಲಿಷ್ ಸಬ್‌ಟೈಟಲ್ ಇರಲೇಬೇಕು, ನನ್ನ ಜರ್ಮನ್ ಊಟ ತಿಂಡಿ ಕೇಳೋಕಷ್ಟೇ ಸಾಕಾಗುತ್ತೆ. ಬೆಂಗಳೂರಿನ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದ ಲೈಬ್ರರಿಯಲ್ಲಿ ಇಂಥವು ಸಿಗ್ತಾವಾ? ಹೋಗಿ ಬಂದವರಿದ್ದರೆ ದಯವಿಟ್ಟು ತಿಳಿಸಿ.