ರಾತ್ರಿ ಮೂರಕ್ಕೆ ಹೀಟರ್ ನಿಂತಿತು, ಸಿಲಿಂಡರಿನಲ್ಲಿ ಗ್ಯಾಸ್ ಇತ್ತು. ಯಾಕೆ?

ಹೊಸಪಯಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಬೇಸಿಗೆಯಲ್ಲಿ, ಒಳಗೇ ಮಲಗಿ ಅಡುಗೆ ಮಾಡಬಹುದಾದ ಮೋಟರ್‌ಹೋಮ್ ತೆಗೆದುಕೊಂಡು ಸುತ್ತುತ್ತಿದ್ದೇವೆ. ಚಳಿಗಾಲದಲ್ಲಿ ಹೋಗಿದ್ದು ಇದೇ ಮೊದಲು. ನಾನು, ಹೆಂಡತಿ, ಆರು ವರ್ಷದ ಮಗಳು. ಕರೆಂಟ್ ಇಲ್ಲದ ಜಾಗ, ಸುತ್ತ ಹಿಮ. ರಾತ್ರಿ ಹೊರಗೆ ಮೈನಸ್ 9 ಡಿಗ್ರಿ.

ಸಂಜೆ ಆರಕ್ಕೆ ಹೀಟರ್ ಹಾಕಿದೆವು. ಒಳಗೆ ಹಿತವಾಗಿತ್ತು. ಬಿಸಿ ಹೊರಗೆ ಹೋಗಬಾರದು ಅಂತ ಚಾವಣಿಯ ಗಾಳಿಕಿಂಡಿಗೂ ನೆಲದ ಹತ್ತಿರದ ಕಿಂಡಿಗೂ ಟೇಪ್ ಅಂಟಿಸಿದ್ದೆ. ಮೂರು ಗಂಟೆಗೆ ಚಳಿಗೆ ಎಚ್ಚರವಾಯಿತು. ಹೀಟರ್ ನಿಂತಿತ್ತು. ಸಿಲಿಂಡರ್ ಎತ್ತಿ ನೋಡಿದೆ, ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಇತ್ತು. ಮತ್ತೆ ಸ್ವಿಚ್ ಹಾಕಿದರೆ ಒಂದೆರಡು ಕ್ಷಣ ಗುರ್ ಅಂದು ಸುಮ್ಮನಾಯಿತು. ಬೇರೆ ದಾರಿ ಕಾಣದೆ ಅಡುಗೆ ಒಲೆಯ ಎರಡೂ ಬರ್ನರ್ ಹಚ್ಚಿ ಅರ್ಧ ಗಂಟೆ ಕೂತೆವು.

ಬೆಳಿಗ್ಗೆ ಕಿಟಕಿಗಳಿಂದ ನೀರು ಇಳಿಯುತ್ತಿತ್ತು. ಮಗಳ ಹಾಸಿಗೆಯ ತಳ ಪೂರ್ತಿ ಒದ್ದೆ. ಚಾವಣಿ ಸೋರಿಲ್ಲ, ಪರೀಕ್ಷಿಸಿದ್ದೇನೆ. ನಲ್ಲಿಯಲ್ಲಿ ನೀರೂ ಬರಲಿಲ್ಲ. ಇಷ್ಟಾದರೂ ಮಗಳು ಮತ್ತೆ ಯಾವಾಗ ಹೋಗೋದು ಅಂತ ದಿನಾ ಕೇಳುತ್ತಾಳೆ. ನನಗೂ ಆಸೆ ಇದೆ. ಆದರೆ ತಪ್ಪು ಎಲ್ಲಿ ಅಂತ ತಿಳಿಯದೆ ಅವಳನ್ನು ಕರೆದುಕೊಂಡು ಹೊರಡಲಾರೆ.

ಹಿಮದಾರಿ:

ಹೀಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಟೇಪ್ ಕಿತ್ತು ಹಾಕಿ. ಇವತ್ತೇ.

ಆ ಕಿಂಡಿಗಳನ್ನು ಗಾಡಿ ಮಾಡಿದವರು ಬೇಕೆಂದೇ ಬಿಟ್ಟಿರುತ್ತಾರೆ. ಒಳಗೆ ಗ್ಯಾಸ್ ಉರಿಯುವಾಗ ಹೊಸ ಗಾಳಿ ಬರಲೇಬೇಕು. ಗಾಳಿ ಕಡಿಮೆಯಾದರೆ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಆ ರಾತ್ರಿ ಬರ್ನರ್ ಉರಿಯುತ್ತಿರುವಾಗಲೇ ನಿಮಗೆ ಕಣ್ಣು ಹತ್ತಿದ್ದರೆ ಅಂತ ನೆನೆದರೆ ನನಗೆ ಭಯವಾಗುತ್ತದೆ. ಅಡುಗೆ ಒಲೆ ಅಡುಗೆಗೆ ಮಾತ್ರ. ಚಳಿ ಎಷ್ಟೇ ಇದ್ದರೂ.

ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ನಾನು ಒಂಬತ್ತು ಚಳಿಗಾಲ ಗಾಡಿಯಲ್ಲಿ ಕಳೆದಿದ್ದೇನೆ. ಮೂರನೇ ವರ್ಷ ಒಂದು ಬೆಳಗಿನ ಜಾವ ನಮ್ಮ ಅಲಾರಂ ಕೂಗಿತು. ರಾತ್ರಿಯೆಲ್ಲ ಬಿದ್ದ ಹಿಮ ಗಾಡಿಯ ಪಕ್ಕದಲ್ಲಿ ಗುಡ್ಡೆಯಾಗಿ ಹೀಟರಿನ ಹೊಗೆ ಹೋಗುವ ಬಾಯಿಯನ್ನೇ ಮುಚ್ಚಿತ್ತು. ಅವತ್ತಿನಿಂದ ಮಲಗುವ ಮುಂಚೆ ಒಂದು ಸಲ, ನಡುರಾತ್ರಿ ಒಂದು ಸಲ ಟಾರ್ಚ್ ಹಿಡಿದು ಗಾಡಿ ಸುತ್ತು ಹಾಕುತ್ತೇನೆ.

ಈಗ ಹೀಟರ್. ಗ್ಯಾಸ್ ಇದ್ದರೆ ಸಾಲದು, ಬಿಸಿಗಾಳಿ ತಳ್ಳುವ ಫ್ಯಾನ್ ಬ್ಯಾಟರಿಯಿಂದ ಓಡುತ್ತದೆ. ವೋಲ್ಟೇಜ್ ಇಳಿದರೆ ಹೀಟರ್ ತಾನಾಗಿ ನಿಲ್ಲುತ್ತದೆ. ಗುರ್ ಅಂದು ಸುಮ್ಮನಾಯಿತು ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ನಮ್ಮ ಫ್ಯಾನ್ 7 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ (ಅಂದರೆ ಒಂದು ಆಂಪಿಯರ್ ಎಳೆದರೆ ನೂರು ಗಂಟೆ ಬರುವ) ಲೆಡ್ ಆಸಿಡ್ ಬ್ಯಾಟರಿ ಇದ್ದರೆ ಅದರಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು. ಚಳಿಗೆ ಅದರಲ್ಲೂ ಕಡಿಮೆಯಾಗುತ್ತದೆ, ಸೊನ್ನೆ ಡಿಗ್ರಿ ಹತ್ತಿರವೇ ಸುಮಾರು ಐದನೇ ಒಂದು ಭಾಗ ಹೋಗುತ್ತದೆ. ಉಳಿಯುವುದು 40 ಆಂಪಿಯರ್-ಅವರ್. ಅಂದರೆ ಫ್ಯಾನ್ ಆರು ಗಂಟೆ ಕೂಡ ಓಡುವುದಿಲ್ಲ. ಸಂಜೆ ಆರರಿಂದ ಮೂರಕ್ಕೆ ಒಂಬತ್ತು ಗಂಟೆ. ನಡುನಡುವೆ ನಿಂತು ಓಡಿದ್ದರೂ ಲೆಕ್ಕ ಸರಿಹೋಗುತ್ತದೆ ಅಲ್ವಾ? ದೀಪ, ಪಂಪ್ ಸೇರಿಸಿಯೇ ಇಲ್ಲ.

ಇನ್ನು ಒದ್ದೆ. ಆ ನೀರು ನಿಮ್ಮದೇ. ಮಲಗಿರುವ ಒಬ್ಬರಿಂದಲೇ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಉಸಿರು, ಬೆವರಿನಲ್ಲಿ ಗಾಳಿಗೆ ಸೇರುತ್ತದೆ. ಮೇಲೆ ಒಲೆ ಬೇರೆ. ಒಂದು ಕಿಲೋ ಪ್ರೊಪೇನ್ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಹೀಟರಿನ ಆವಿ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಒಲೆಯದು ನಿಮ್ಮ ಜೊತೆಯೇ ಉಳಿಯುತ್ತದೆ. ಕಿಂಡಿ ಮುಚ್ಚಿದ್ದರಿಂದ ಅಷ್ಟೂ ತಣ್ಣಗಿರುವ ಜಾಗ ಹುಡುಕಿ ಅಲ್ಲಿ ನೀರಾಯಿತು. ಗಾಜು, ಲೋಹದ ಚೌಕಟ್ಟು, ಹಾಸಿಗೆಯ ತಳ.

ಚಾವಣಿ ಕಿಂಡಿಯನ್ನು ಎರಡು ಬೆರಳಷ್ಟು ತೆರೆದೇ ಮಲಗಿ. ಬಿಸಿ ಸ್ವಲ್ಪ ಹೋಗುತ್ತದೆ, ಹೋಗಲಿ. ಒಣಗಿದ ತಣ್ಣನೆ ಹೊದಿಕೆ ಮೈಗೆ ಬೇಗ ಬೆಚ್ಚಗಾಗುತ್ತದೆ, ಒದ್ದೆ ಹೊದಿಕೆ ಬೆಳಗಿನವರೆಗೂ ಆಗುವುದಿಲ್ಲ. ಹಾಸಿಗೆ ಕೆಳಗೆ ಗಾಳಿಯಾಡುವಂತೆ ಮರದ ಪಟ್ಟಿ ಹಾಕಿ. ಮಗುವನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಮಲಗಿಸಿ.

ನೀಲಿಡಬ್ಬಿ:

ಸಿಲಿಂಡರಿನಲ್ಲಿ ಯಾವ ಗ್ಯಾಸ್ ಅಂತಲೂ ನೋಡಿಕೊಳ್ಳಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಡಬ್ಬಿಯಲ್ಲಿ ದ್ರವ ಇರುತ್ತದೆ, ಒಲೆಗೆ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಆದರೆ ನಿಮ್ಮ ಒಲೆ ಉರಿದಿದೆ, ಹಾಗಾಗಿ ಇಲ್ಲಿ ಬ್ಯಾಟರಿಯೇ ಇರಬೇಕು.

ನೀರಿನ ಬಗ್ಗೆ: ಕೊಳವೆ ನೆಲದ ಕೆಳಗೆ ಹಾದುಹೋಗುವ ಜಾಗ ಹುಡುಕಿ, ಹೆಚ್ಚಾಗಿ ಅಲ್ಲೇ ಹೆಪ್ಪುಗಟ್ಟುವುದು. ಮೈನಸ್ ರಾತ್ರಿಗಳಲ್ಲಿ ನಾವು ಟ್ಯಾಂಕನ್ನೇ ಬಳಸುವುದಿಲ್ಲ. ಕ್ಯಾನುಗಳಲ್ಲಿ ನೀರು ತುಂಬಿ ಒಳಗೇ ಇಡುತ್ತೇವೆ. ಕೊಳವೆಗೆ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕುವುದಾದರೆ ಪ್ರೊಪಿಲೀನ್ ಗ್ಲೈಕಾಲ್‌ನದ್ದು, ಕುಡಿಯುವ ನೀರಿನ ಕೊಳವೆಗೆ ಅಂತಲೇ ಮಾರುವುದು. ಕಾರ್ ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡವೇ ಬೇಡ. ಹೆಪ್ಪುಗಟ್ಟಿದ ನೀರು ಸುಮಾರು 9 ಶೇಕಡಾ ಹಿಗ್ಗುತ್ತದೆ. ಪಂಪ್ ಹಾಕುವ ಮುಂಚೆ ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ.

ಹೊಸಪಯಣ:

ಟೇಪ್ ತೆಗೆದೆ. ಅಲಾರಂ ತಂದು ಹಾಕಿದೆ. ಒಲೆ ಹಚ್ಚಿದ್ದು ಅಷ್ಟು ದೊಡ್ಡ ತಪ್ಪು ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ಹೆಂಡತಿಗೆ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬ್ಯಾಟರಿ ನೀವು ಹೇಳಿದ ಹಾಗೇ. ಒಂದೇ ಇದೆ, 95 ಆಂಪಿಯರ್-ಅವರ್. ಪೂರ್ತಿ ಚಾರ್ಜ್ ಮಾಡಿ ಅಂಗಳದಲ್ಲೇ ಹೀಟರ್ ಹಾಕಿ ನೋಡಿದೆ. ಐದೂಮುಕ್ಕಾಲು ಗಂಟೆಗೆ ನಿಂತಿತು. ಪಂಪಿನ ಹತ್ತಿರ ಒಂದು ಜಾಯಿಂಟ್ ಬಿರುಕು ಬಿಟ್ಟಿದೆ, ಬದಲಿಸುತ್ತೇನೆ. ಲಿಥಿಯಂ ಬ್ಯಾಟರಿ ಹಾಕಿಸಿದರೆ ಹೇಗೆ?

ಹಿಮದಾರಿ:

ಒಳ್ಳೆಯದೇ, ಹೆಚ್ಚು ಹೊತ್ತು ಬರುತ್ತದೆ. ಒಂದು ಎಚ್ಚರಿಕೆ ಇದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಶಾಶ್ವತವಾಗಿ ಹಾಳಾಗುತ್ತದೆ. ಬಳಸಬಹುದು, ತುಂಬಿಸಬಾರದು. ಹೊರಗಿನ ಪೆಟ್ಟಿಗೆಯಲ್ಲಿ ಇಡದೆ ಸೀಟಿನ ಕೆಳಗೆ, ಬೆಚ್ಚಗಿರುವ ಕಡೆ ಕೂರಿಸಿ. ಚಳಿಯಲ್ಲಿ ಚಾರ್ಜ್ ತಡೆಯುವ ವ್ಯವಸ್ಥೆ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ. ಹಳೆಯದನ್ನು ಖಾಲಿ ಬಿಡಬೇಡಿ. ಚಾರ್ಜ್ ಇಳಿದ ಲೆಡ್ ಆಸಿಡ್ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ.

ಮುಂದಿನ ಸಲ ಮೊದಲ ರಾತ್ರಿ ಕರೆಂಟ್ ಸಂಪರ್ಕ ಇರುವ ಜಾಗದಲ್ಲೇ ನಿಲ್ಲಿಸಿ. ಬೆಳಿಗ್ಗೆ ಎದ್ದ ತಕ್ಷಣ ಮಗಳ ಹಾಸಿಗೆ ಎತ್ತಿ ತಳ ಮುಟ್ಟಿ ನೋಡಿ. ಒಣಗಿದ್ದರೆ ಎರಡನೇ ರಾತ್ರಿ ಹಿಮದ ಕಡೆಗೆ ಹೊರಡಿ.